ಓ ಯಾರ ಪೈಕಿ?

ಟಿವಿಯಲ್ಲಿ ಓದಿದ ಒಂದು ಸಾಲು ಕೆಲವು ವರ್ಷಗಳಿಂದ ತಲೆಯಲ್ಲಿ ಓಡುತ್ತಲೇ ಇದೆ. 2022ರ ಅಕ್ಟೋಬರ್ 3, ಸೋಮವಾರ ಸಂಜೆ. ಟೋಕಿಯೋದಲ್ಲಿ ಆಫೀಸು ಮುಗಿಸಿ, ಮನೆ ದಾರಿಯ ರಾಮೆನ್ ಅಂಗಡಿಯಲ್ಲಿ ಕೂತಿದ್ದೆ. ಹತ್ತು ಸೀಟಿನ ಅಂಗಡಿ. ಸೀಟು ಸೀಟಿನ ನಡುವೆ ಕೊರೊನಾ ಕಾಲದ ಅಕ್ರಿಲಿಕ್ ಹಾಳೆ ಇನ್ನೂ ನಿಂತಿತ್ತು. ಅದಕ್ಕೆ ಸೂಪಿನ ಆವಿ ಹಿಡಿದು ಪಕ್ಕದವರು ಮಬ್ಬಾಗಿ ಕಾಣುತ್ತಿದ್ದರು. (ಸೂಪು ಯಾವುದರದ್ದು ಅಂತ ವಿಚಾರಿಸುವ ಹಂತವನ್ನು ನಾನು ಆ ಹೊತ್ತಿಗೆ ದಾಟಿಯಾಗಿತ್ತು. ಅಮ್ಮ ಇದನ್ನ ಓದದಿದ್ದರೆ ಒಳ್ಳೆಯದು.) ಮೂಲೆಯ ಟಿವಿಯಲ್ಲಿ ಬೇಸ್‌ಬಾಲ್. ಯಾಕುಲ್ಟ್ ಸ್ವಾಲೋಸ್ ತಂಡದ ಮುನೆತಕ ಮುರಕಾಮಿ ಬ್ಯಾಟ್ ಹಿಡಿದು ನಿಂತಿದ್ದ. ಇಪ್ಪತ್ತೆರಡು ವರ್ಷದ ಹುಡುಗ. ಸೆಪ್ಟೆಂಬರ್ 13ಕ್ಕೇ 55 ಹೋಮ್ ರನ್ ಮುಗಿಸಿದ್ದ (ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ). ಅಲ್ಲಿಂದ ಮೂರು ವಾರ ಒಂದೂ ಇಲ್ಲ. ಅವತ್ತು ಆ ಸೀಸನ್‌ನಲ್ಲಿ ಅವನ ತಂಡದ ಕೊನೆಯ ಪಂದ್ಯ, ಅವನ ಕೊನೆಯ ಸರದಿ. ಹೊಡೆದ. ಚೆಂಡು ಬಲಗಡೆಯ ಜನರ ನಡುವೆ ಹೋಗಿ ಬಿತ್ತು. ಅಂಗಡಿಯಲ್ಲಿ ಯಾರೋ ಕಿರುಚಿದರು. ಅಡುಗೆಯವನು ಸೌಟು ಹಿಡಿದುಕೊಂಡೇ ತಿರುಗಿ ನೋಡಿದ.

ಆಗ ತೆರೆಯ ಮೇಲೆ ಬಂತು ಆ ಸಾಲು. ಜಪಾನೀ ಆಟಗಾರರ ಪೈಕಿ ಒಂದು ಸೀಸನ್‌ನಲ್ಲಿ ಅತಿ ಹೆಚ್ಚು, 56. ಸದಹರು ಓ ಅವರ 55ನ್ನು ದಾಟಿ.

ನನ್ನ ಜಪಾನೀ ಓದು ಅಷ್ಟಕ್ಕಷ್ಟೇ. ಆದರೆ ಇಷ್ಟು ಗೊತ್ತಾಯಿತು. ಗೊತ್ತಾದ ಮೇಲೆ ಎಲ್ಲೋ ಕಲ್ಲು ಸಿಕ್ಕಂತಾಯಿತು. ಯಾಕೆಂದರೆ ಜಪಾನ್ ಬೇಸ್‌ಬಾಲಿನ ದೊಡ್ಡ ಹೆಸರಾದ ಈ ಓ ಜಪಾನಿನ ಪ್ರಜೆ ಅಲ್ಲ. ಹುಟ್ಟಿದ್ದು ಟೋಕಿಯೋದಲ್ಲಿ, ಬೆಳೆದದ್ದು ಅಲ್ಲೇ, ತಾಯಿ ಜಪಾನಿನವರು. ಆದರೆ ತಂದೆ ಚೀನಾದಿಂದ ಬಂದವರು. ಓ ಅವರ ಪಾಸ್‌ಪೋರ್ಟು ಚೀನಾ ಗಣರಾಜ್ಯದ್ದು, ಅಂದರೆ ನಾವು ತೈವಾನ್ ಅನ್ನುತ್ತೇವಲ್ಲ, ಅದರದ್ದು. ಹಾಗಿದ್ದರೆ ‘ಜಪಾನೀಯರ ಪೈಕಿ’ ಅನ್ನುವ ಪಟ್ಟಿಯಲ್ಲಿ ಅವರು ಹೇಗೆ ಬಂದರು?

ಪೈಕಿ ಅನ್ನೋದು ನಮ್ಮಲ್ಲಿ ಎರಡು ಕೆಲಸ ಮಾಡುವ ಪದ. ಲೆಕ್ಕದಲ್ಲಿ ‘ಹತ್ತರ ಪೈಕಿ ಮೂರು’ ಅಂತೇವೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ‘ನೀವು ಯಾರ ಪೈಕಿ?’ ಅಂತ ಕೇಳ್ತಾರೆ. ಹುಡುಗನ ಕಡೆಯವರೋ ಹುಡುಗಿ ಕಡೆಯವರೋ ಅಂತ. ಆ ಟಿವಿ ಸಾಲು ಲೆಕ್ಕ ಹೇಳುತ್ತಿತ್ತು. ನನಗೆ ಕೇಳಿಸಿದ್ದು ಪಂಕ್ತಿಯ ಪ್ರಶ್ನೆ.

ನೂಡಲ್ ಅಂಗಡಿಯ ಹುಡುಗ

ಮೊದಲು ಹೆಸರು. ನಮ್ಮಲ್ಲಿ ಯಾರಾದರೂ ಕೂಗಿದರೆ ‘ಓ’ ಅಂತೇವೆ. ಅವರ ಮನೆತನದ ಹೆಸರೇ ಅದು. ಅದನ್ನು ಬರೆಯುವ ಅಕ್ಷರ ಬಲು ಸುಲಭ, ಮೂರು ಅಡ್ಡ ಗೆರೆ, ಒಂದು ಉದ್ದ ಗೆರೆ. ಚೀನಾದಲ್ಲಿ ಅದನ್ನೇ ವಾಂಗ್ ಅಂತ ಓದುತ್ತಾರೆ. ಎರಡೂ ಕಡೆ ಅರ್ಥ ಒಂದೇ, ರಾಜ. ತಂದೆ ವಾಂಗ್ ಶಿಫು ಸುಮಿದಾ ನದಿಯ ಕಡೆ, ಟೋಕಿಯೋದ ಕೆಳಪೇಟೆಯಲ್ಲಿ ನೂಡಲ್ ಅಂಗಡಿ ಇಟ್ಟಿದ್ದರು. ‘ಗೊಜೂಬಾನ್’ ಅಂತ ಅಂಗಡಿಯ ಹೆಸರು, ಐವತ್ತನೇ ನಂಬರು ಎಂದರ್ಥ. ಒಬ್ಬ ಮಗ ಡಾಕ್ಟರ್ ಆಗಬೇಕು, ಇನ್ನೊಬ್ಬ ಎಂಜಿನಿಯರ್ ಆಗಬೇಕು ಅನ್ನೋದು ಅವರ ಆಸೆ. ಇದನ್ನು ಓದಿದಾಗ ನಕ್ಕುಬಿಟ್ಟೆ. ಇಂಥ ಅಪ್ಪಂದಿರು ನಮ್ಮ ಬೀದಿಗೆ ನಾಲ್ಕು ಜನ ಇದ್ದರು. ದೊಡ್ಡ ಮಗ ಡಾಕ್ಟರ್ ಆದರು. 1940ರಲ್ಲಿ ಹುಟ್ಟಿದ ಚಿಕ್ಕವನು ಬ್ಯಾಟ್ ಹಿಡಿದ.

1954ರಲ್ಲಿ ನದಿ ಪಕ್ಕದ ಮೈದಾನದಲ್ಲಿ ಹುಡುಗರು ಆಡುತ್ತಿದ್ದರು. ಹಿರೋಶಿ ಅರಕಾವಾ ಅನ್ನುವ ವೃತ್ತಿಪರ ಆಟಗಾರ ಅವತ್ತು ಬಿಡುವಿದ್ದವರು ಸುಮ್ನೆ ನಿಂತು ನೋಡಿದರು. ಒಬ್ಬ ಎತ್ತರದ ಹುಡುಗ ಎಡಗೈಯಲ್ಲಿ ಚೆಂಡು ಎಸೆಯುತ್ತಾನೆ, ಬ್ಯಾಟ್ ಮಾತ್ರ ಬಲಗೈಯವರ ಹಾಗೆ ಹಿಡಿಯುತ್ತಾನೆ. ಯಾಕಪ್ಪಾ, ಎಡಕ್ಕೆ ನಿಂತು ಹೊಡೆದು ನೋಡು ಅಂದರು. ಹುಡುಗ ಆ ಕಡೆ ಹೋಗಿ ನಿಂತ. ಚೆಂಡು ದೂರ ಹೋಯಿತು. ಎಡಗೈಯಲ್ಲಿ ಊಟ ಮಾಡಬೇಡ, ಎಡಗೈಯಲ್ಲಿ ಬರೀಬೇಡ ಅಂತ ಬೈಸಿಕೊಂಡು ಬೆಳೆದವರಿಗೆ ಈ ಜಾಗ ಬೇಗ ಅರ್ಥವಾಗುತ್ತದೆ. ಸರಿಯಾದ ಕೈ ಯಾವುದು ಅಂತ ದಾರಿಹೋಕರೊಬ್ಬರು ಹೇಳಬೇಕಾಯಿತು.

ಅರಕಾವಾ ಓದಿದ್ದ ವಾಸೆದಾ ಜಿತ್ಸುಗ್ಯೋ ಹೈಸ್ಕೂಲಿಗೇ ಹುಡುಗನೂ ಸೇರಿದ. ಅಲ್ಲಿ ಅವನು ಮುಖ್ಯವಾಗಿ ಪಿಚರ್, ಚೆಂಡು ಎಸೆಯುವವನು. 1957ರ ವಸಂತದಲ್ಲಿ ಕೋಶಿಯೆನ್ ಟೂರ್ನಿ. ಜಪಾನಿನಲ್ಲಿ ಈ ಹೈಸ್ಕೂಲ್ ಟೂರ್ನಿಗೆ ಇರುವ ಹುಚ್ಚು ನೋಡಿದವರಿಗೇ ಗೊತ್ತು. ಎಡಗೈ ಬೆರಳಲ್ಲಿ ಬೊಬ್ಬೆ ಎದ್ದು ಒಡೆದು, ಚೆಂಡಿಗೆ ರಕ್ತ ಮೆತ್ತಿಕೊಂಡರೂ ಎಸೆಯುತ್ತಲೇ ಹೋದ. ಶಾಲೆ ಗೆದ್ದಿತು. ಹದಿನಾರು ವರ್ಷದ ಹುಡುಗ ಊರೆಲ್ಲ ಮಾತಾದ.

ಅದೇ ವರ್ಷ ಶರತ್ಕಾಲದಲ್ಲಿ ಇನ್ನೊಂದು ಕೂಟ ಇತ್ತು. ಕೊಕುತಾಯ್, ಅಂದರೆ ರಾಷ್ಟ್ರೀಯ ಕ್ರೀಡಾಕೂಟ. ಶಾಲೆಗೆ ಕರೆ ಬಂತು. ಓಗೆ ಬರಲಿಲ್ಲ. ನಿಯಮದ ಪ್ರಕಾರ ಜಪಾನಿನ ಪ್ರಜೆಗಳು ಮಾತ್ರ ಆಡಬಹುದು. ವಸಂತದಲ್ಲಿ ಬೆರಳು ಒಡೆದುಕೊಂಡು ಗೆಲ್ಲಿಸಿದವನು ಚಳಿ ಶುರುವಾಗುವ ಹೊತ್ತಿಗೆ ಹೊರಗಿನವನು.

ಕೊಕುತಾಯ್ ಅನ್ನೋದು ಚಿಕ್ಕದು ಮಾಡಿದ ಹೆಸರು. ಪೂರ್ತಿ ಹೆಸರು ಆಗ ‘ಕೊಕುಮಿನ್’ ಅನ್ನುವ ಪದದಿಂದ ಶುರುವಾಗುತ್ತಿತ್ತು. ಕೊಕುಮಿನ್ ಅಂದರೆ ದೇಶದ ಪ್ರಜೆ. ಈ ಪದ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಸೊನ್ನೆ, ಸೊನ್ನೆ, ಸೊನ್ನೆ

1959ರಲ್ಲಿ ಯೊಮಿಯುರಿ ಜೈಂಟ್ಸ್ ಸೇರಿದಾಗ ಓಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪಿಚಿಂಗ್ ಬೇಡ, ಬ್ಯಾಟ್ ಹಿಡಿ ಅಂದರು. ಮೊದಲ ಪಂದ್ಯದಲ್ಲೇ ಎದುರು ನಿಂತವರು ಹೆಸರಾಂತ ಪಿಚರ್ ಮಸಾಯಿಚಿ ಕನೆದಾ. ಎರಡು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ, ಹೊಡೆಯಲಾಗದೆ ಔಟ್. ಅವೂ ಸೇರಿ ಇಪ್ಪತ್ತಾರು ಸಲ ಹೊಡೆಯಲು ಹೋಗಿ ಇಪ್ಪತ್ತಾರು ಸಲವೂ ಸೊನ್ನೆ. ಮೊದಲ ಹಿಟ್ (ಹೊಡೆದು ಬೇಸ್ ತಲುಪುವಂಥ ಹೊಡೆತ) ಬಂದಾಗ ಅದು ಹೋಮ್ ರನ್ ಆಗಿತ್ತು ಅನ್ನೋದು ಕಥೆ ಹೇಳುವವರಿಗೆ ಪ್ರಿಯವಾದ ಮಾತು. ಆದರೆ ಆ ವರ್ಷ ಮುಗಿದಾಗ ಸರಾಸರಿ .161 (ನೂರು ಸಲಕ್ಕೆ ಹದಿನಾರು ಹಿಟ್), ಹೋಮ್ ರನ್ ಏಳು, ಸ್ಟ್ರೈಕ್‌ಔಟ್ 72. ನೋಡುವ ಜನಕ್ಕೆ ಅವರ ಹೆಸರೇ ಗೇಲಿಗೆ ಸಿಕ್ಕಿತು. ಸ್ಟ್ರೈಕ್‌ಔಟಿಗೆ ಜಪಾನಿಯಲ್ಲಿ ಸನ್‌ಶಿನ್. ‘ಓ, ಓ, ಸನ್‌ಶಿನ್-ಓ!’ ಅಂತ ಕೂಗುತ್ತಿದ್ದರು. ಸ್ಟ್ರೈಕ್‌ಔಟ್ ಮಹಾರಾಜ!

ಮೂರು ವರ್ಷ ಹೀಗೇ ಏಳುಬೀಳು. 1962ಕ್ಕೆ ಅರಕಾವಾ ಜೈಂಟ್ಸ್‌ಗೆ ಬ್ಯಾಟಿಂಗ್ ಕೋಚ್ ಆಗಿ ಬಂದರು. ಅದೇ ನದಿ ದಂಡೆಯ ಅರಕಾವಾ. ಓ ಅವರ ತೊಂದರೆ ಅವರಿಗೆ ಕಂಡಿತು. ಚೆಂಡು ಬರುವ ಮೊದಲೇ ಮೈ ಮುಂದಕ್ಕೆ ಜೋಲುತ್ತಿತ್ತು. ಕಾಯುವುದಕ್ಕೆ ಆಗುತ್ತಿರಲಿಲ್ಲ. ಜುಲೈ 1ರಂದು ಕವಾಸಾಕಿಯಲ್ಲಿ ಪಂದ್ಯ. ತಂಡ ಸೋಲುತ್ತಿತ್ತು, ಸಭೆಯಲ್ಲಿ ಬೈಗುಳ ಆಗಿತ್ತು. ಅರಕಾವಾ ಬಂದು ಇವತ್ತು ಕಾಲು ಎತ್ತಿ ಹೊಡಿ ಅಂದರು. ಓ ಬಲಗಾಲನ್ನು ಮಂಡಿ ಮಡಚಿ ಮೇಲಕ್ಕೆತ್ತಿ, ಎಡಗಾಲ ಒಂದರ ಮೇಲೆ ಕೊಕ್ಕರೆ ಹಾಗೆ ನಿಂತರು. ಅವತ್ತು ಮೂರು ಹಿಟ್, ಅದರಲ್ಲೊಂದು ಹೋಮ್ ರನ್. ಆ ದಿನದವರೆಗೆ ಆ ವರ್ಷ ಹೊಡೆದದ್ದು ಒಂಬತ್ತು. ವರ್ಷ ಮುಗಿಯುವಷ್ಟರಲ್ಲಿ 38. ಮೊದಲ ಹೋಮ್ ರನ್ ಪಟ್ಟ. ಅಲ್ಲಿಂದ ಹದಿಮೂರು ವರ್ಷ ಆ ಪಟ್ಟ ಬೇರೆ ಯಾರಿಗೂ ಹೋಗಲಿಲ್ಲ.

ಇದನ್ನು ಓದಿದ ಜೋಶಿನಲ್ಲಿ ನಾನೂ ಒಂದು ಭಾನುವಾರ ಬ್ಯಾಟಿಂಗ್ ಸೆಂಟರಿಗೆ ಹೋದೆ. ಕಾಸು ಹಾಕಿದರೆ ಯಂತ್ರ ಚೆಂಡು ಎಸೆಯುತ್ತದೆ, ಸುತ್ತ ಬಲೆ. ಕ್ರಿಕೆಟ್ ಆಡಿದವನು, ಇದೇನು ಮಹಾ ಅಂದುಕೊಂಡಿದ್ದೆ. ಎಡಕ್ಕೆ ನಿಂತು ಬಲಗಾಲು ಎತ್ತಿದೆ. ನಿಜವಾಗಿ ಹೇಳ್ತೀನಿ, ಸುಮ್ನೆ ಒಂಟಿಕಾಲಲ್ಲಿ ನಿಲ್ಲೋದು ಬೇರೆ, ಚೆಂಡು ಬರುತ್ತದೆ ಅಂತ ಗೊತ್ತಿದ್ದು ನಿಲ್ಲೋದು ಬೇರೆ. ಯಂತ್ರದಲ್ಲಿ ‘ಟಕ್’ ಅಂತ ಸದ್ದಾದ ಕೂಡಲೇ ಕಾಲು ತಾನೇ ಕೆಳಗೆ ಬಂದುಬಿಡುತ್ತದೆ. ಮೈ ಮುಂದಕ್ಕೆ ವಾಲುತ್ತದೆ. ಅಂದರೆ ಕಾಲು ಎತ್ತಿದರೆ ಮೊದಲು ಗೊತ್ತಾಗೋದು ನಮ್ಮ ಆತುರ. ಇಪ್ಪತ್ತು ಚೆಂಡಿನಲ್ಲಿ ನನ್ನ ಬ್ಯಾಟಿಗೆ ತಾಗಿದ್ದು ಎರಡು. ಪಕ್ಕದ ಬಲೆಯಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಟಪ ಟಪ ಬಾರಿಸುತ್ತಿದ್ದಳು. ನನ್ನ ಕಡೆ ನೋಡಲೂ ಇಲ್ಲ, ಪುಣ್ಯಕ್ಕೆ.

ಓ ಆ ನಿಲುವಿಗಾಗಿ ಪಟ್ಟ ಪಾಡು ದೊಡ್ಡದು. ಪಂದ್ಯ ಮುಗಿದ ಮೇಲೆ ಅರಕಾವಾ ಮನೆಗೆ ಹೋಗಿ, ಬರಿಗಾಲಲ್ಲಿ, ಚಾಪೆಯ ಮೇಲೆ ಬ್ಯಾಟ್ ಬೀಸುತ್ತಿದ್ದರು. ಪಾದ ತಿರುಗಿ ತಿರುಗಿ ತತಾಮಿ ಚಾಪೆ ಸವೆದು ಹೋಗುತ್ತಿತ್ತಂತೆ. ಅರಕಾವಾ ಐಕಿಡೋ ಅನ್ನುವ ಜಪಾನೀ ಸಮರಕಲೆ ಕಲಿತವರು. ಶಿಷ್ಯನನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಸೂರಿನಿಂದ ಕಾಗದದ ಚೂರು ಇಳಿಬಿಟ್ಟು ಅದನ್ನು ಕತ್ತಿಯಿಂದ ಕತ್ತರಿಸು ಅಂದರು. ಗಾಳಿಗೆ ಆಡುವ ಕಾಗದ, ಬಲ ಹಾಕಿದರೆ ಕತ್ತಿಗೆ ಸಿಗುವುದಿಲ್ಲ, ಜಾರಿಕೊಳ್ಳುತ್ತದೆ. ಈ ಕತ್ತಿಯ ಕಥೆಗೆ ಹೊರದೇಶದವರು ಸಿಕ್ಕಾಪಟ್ಟೆ ಝೆನ್ ಬಣ್ಣ ಬಳಿದಿದ್ದಾರೆ. ನನಗಂತೂ ಆ ಸವೆದ ಚಾಪೆಯೇ ಜಾಸ್ತಿ ಇಷ್ಟ.

868, ಮತ್ತು ಗೊಣಗಾಟ

ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಇಪ್ಪತ್ತೆರಡು ವರ್ಷ, 868 ಹೋಮ್ ರನ್. 1964ರಲ್ಲಿ ಒಂದೇ ವರ್ಷ 55. ಅದೇ ವರ್ಷ ಮೇ 3ರಂದು ಒಂದೇ ಪಂದ್ಯದಲ್ಲಿ ನಾಲ್ಕು. ತಂಡದ ಇನ್ನೊಬ್ಬ ದೊಡ್ಡ ಆಟಗಾರ ಶಿಗೆಯೊ ನಗಶಿಮಾ ಜೊತೆಗೂಡಿ 1965ರಿಂದ 1973ರವರೆಗೆ ಜೈಂಟ್ಸ್‌ಗೆ ಸತತ ಒಂಬತ್ತು ಚಾಂಪಿಯನ್ ಪಟ್ಟ. ಹಿರೋಶಿಮಾ ತಂಡ ಓ ಬಂದಾಗಲೆಲ್ಲ ಆರು ಫೀಲ್ಡರುಗಳನ್ನು ಬಲಗಡೆಗೇ ಸರಿಸಿ ನಿಲ್ಲಿಸಿತು. ಖಾಲಿ ಬಿದ್ದ ಎಡಗಡೆಗೆ ತಳ್ಳಿ ಓಡಬಹುದಿತ್ತು. ಓ ಬಲಗಡೆಗೇ ಹೊಡೆದರು, ಎಲ್ಲರ ತಲೆಯ ಮೇಲಿಂದ.

ಅಮೆರಿಕದವರು ಇದಕ್ಕೆ ಗೊಣಗುತ್ತಾರೆ. ಮೈದಾನ ಚಿಕ್ಕವು, ಪಿಚರುಗಳು ಅಷ್ಟು ವೇಗದವರಲ್ಲ, ಬ್ಯಾಟು ರಾಳ ತುಂಬಿ ಒತ್ತಿ ಮಾಡಿದ್ದು ಅಂತ. ಗೊಣಗಾಟದಲ್ಲಿ ಹುರುಳಿಲ್ಲ ಅಂತ ನಾನೇನೂ ಹೇಳುವುದಿಲ್ಲ. ಅಂಥ ಬ್ಯಾಟುಗಳನ್ನು ಅಲ್ಲಿ 1981ರಿಂದ ನಿಷೇಧಿಸಿದರು, ಓ ನಿವೃತ್ತರಾದ ಮರುವರ್ಷವೇ. ಆದರೆ ಅದೇ ಮೈದಾನದಲ್ಲಿ, ಅದೇ ಪಿಚರುಗಳ ಎದುರು ಬೇರೆಯವರೂ ಆಡಿದರಲ್ಲ. ಅವರ್ಯಾರೂ 868ರ ಹತ್ತಿರ ಸುಳಿಯಲಿಲ್ಲ. 1974ರಲ್ಲಿ ಅಮೆರಿಕದ ಹೋಮ್ ರನ್ ದೊರೆ ಹ್ಯಾಂಕ್ ಏರನ್ ಟೋಕಿಯೋಗೆ ಬಂದು ಓ ಜೊತೆ ಹೋಮ್ ರನ್ ಪಂದ್ಯ ಆಡಿದರು. ಏರನ್ 10, ಓ 9. ಇಬ್ಬರೂ ಆಮೇಲೆ ಸ್ನೇಹಿತರಾಗಿ ಮಕ್ಕಳಿಗಾಗಿ ಬೇಸ್‌ಬಾಲ್ ಮೇಳ ಶುರುಮಾಡಿದರು. ಅವರಿಬ್ಬರಿಗೆ ಇಲ್ಲದ ಜಗಳ ನಮಗ್ಯಾಕೆ?

ಒಂದು ಅಂಕಿ ಮಾತ್ರ ಬದಿಗಿಟ್ಟುಕೊಳ್ಳಿ. 427. ಇವರಿಗೆ ಹೊಡೆಯಲು ಕೊಡುವುದೇ ಬೇಡ ಅಂತ ಎದುರಾಳಿಗಳು ಬೇಕಂತಲೇ ನಾಲ್ಕು ಚೆಂಡು ಹೊರಗೆ ಹಾಕಿ, ಸುಮ್ನೆ ಮೊದಲ ಬೇಸಿಗೆ ಕಳಿಸಿದ್ದು ಇಷ್ಟು ಸಲ.

ಕೊಕುಮಿನ್, ಎರಡನೇ ಸಲ

1977ರ ಸೆಪ್ಟೆಂಬರ್ 3, ಕೊರಾಕುಯೆನ್ ಮೈದಾನ. ಏರನ್ ಅವರ ಒಟ್ಟು ಹೋಮ್ ರನ್ 755ನ್ನು ದಾಟುವ ಹೊಡೆತ. ಎದುರಿಗೆ ಯಾಕುಲ್ಟ್ ತಂಡದ ಯಾಸುಜಿರೊ ಸುಜುಕಿ. ಚೆಂಡು ಬಲಗಡೆಯ ಜನರ ಮಧ್ಯೆ ಬಿತ್ತು, ಓ ಎರಡೂ ಕೈ ಅಗಲಕ್ಕೆ ಚಾಚಿದರು. ಪಂದ್ಯ ಮುಗಿದ ಮೇಲೆ ಅಪ್ಪ ಅಮ್ಮನನ್ನು ಮೈದಾನಕ್ಕೆ ಕರೆಸಿ, ತನಗೆ ಕೊಟ್ಟ ನೆನಪಿನ ಫಲಕವನ್ನು ಅವರ ಕೈಗೆ ಕೊಟ್ಟರು. ಆ ಫೋಟೋವನ್ನು ನಾನು ಎಷ್ಟು ಹೊತ್ತು ನೋಡಿದ್ದೇನೋ. ಮಗ ಎಂಜಿನಿಯರ್ ಆಗಲಿಲ್ಲ ಅನ್ನುವ ಬೇಜಾರು ಆ ಅಪ್ಪನಿಗೆ ಯಾವಾಗ ಹೋಯಿತೋ.

ಎರಡು ದಿನಕ್ಕೆ ಪ್ರಧಾನಿ ತಕೆಯೊ ಫುಕುದಾ ಓಗೆ ಹೊಸದೊಂದು ಪ್ರಶಸ್ತಿ ಕೊಟ್ಟರು. ಅದನ್ನು ಹುಟ್ಟಿಸಿದ್ದೇ ಇವರಿಗಾಗಿ, ಪಡೆದ ಮೊದಲಿಗರು ಇವರೇ. ಹೆಸರು ‘ಕೊಕುಮಿನ್ ಎಯ್ಯೋಶೋ’. ಕೊಕುಮಿನ್ ಗೌರವ ಪ್ರಶಸ್ತಿ.

ಅದೇ ಕೊಕುಮಿನ್. 1957ರಲ್ಲಿ ನೀನು ಈ ಪದದ ಒಳಗೆ ಬರುವುದಿಲ್ಲ ಅಂತ ಬಾಗಿಲು ಹಾಕಿದರು. ಇಪ್ಪತ್ತು ವರ್ಷ ಬಿಟ್ಟು ಅದೇ ಪದವನ್ನು ಹಾರ ಮಾಡಿ ಕೊರಳಿಗೆ ಹಾಕಿದರು. ನಡುವೆ ಪಾಸ್‌ಪೋರ್ಟು ಬದಲಾಗಿರಲಿಲ್ಲ. ಬದಲಾದದ್ದು ಅಂಕಿ. ಪ್ರಶಸ್ತಿ ಕೊಡುವವರಿಗೆ ಇದು ಆ ಕ್ಷಣ ಹೊಳೆಯಿತೋ ಇಲ್ಲವೋ, ಪಡೆಯುತ್ತಿದ್ದವರಿಗೆ ಹೊಳೆಯದೆ ಇದ್ದಿರಲಾರದು.

ಒಂದು ಅಡ್ಡ ಮಾತು. ಜಪಾನ್ ಬೇಸ್‌ಬಾಲಿನ ದೊಡ್ಡ ಅಂಕಿ ಮೂರು ಹೇಳಿ ಅಂದರೆ ಅಲ್ಲಿಯವರು ಥಟ್ಟನೆ ಹೇಳುವುದು 868 ಹೋಮ್ ರನ್, 3085 ಹಿಟ್, ಪಿಚರ್ ಆಗಿ 400 ಗೆಲುವು. ಮೊದಲನೆಯದು ಓ ಅವರದ್ದು. ಎರಡನೆಯದು ಇಸಾವೊ ಹರಿಮೊತೊ ಅವರದ್ದು. ಕೊರಿಯಾ ಮೂಲದವರು, ಹಿರೋಶಿಮಾದ ಬಾಂಬಿನಿಂದ ಬದುಕುಳಿದವರು. ಕೊನೆಯ ವರ್ಷಗಳಲ್ಲಿ ಓ ಜೊತೆಗೇ ಆಡಿದವರು. ಮೂರನೆಯದು ಮೊದಲ ದಿನ ಓಗೆ ಸೊನ್ನೆ ಸುತ್ತಿಸಿದ ಕನೆದಾ ಅವರದ್ದು, ಅವರ ತಂದೆ ತಾಯಿಯೂ ಕೊರಿಯಾದವರು. ಮೂರಕ್ಕೆ ಮೂರೂ ವಲಸೆ ಬಂದವರ ಮನೆಯ ಮಕ್ಕಳದ್ದು.

55ರ ಕಾವಲು

ಇನ್ನು ನನಗೆ ಕಷ್ಟವಾಗುವ ಭಾಗ. ಓ 1980ರಲ್ಲಿ ನಿಲ್ಲಿಸಿದರು. ಆ ವರ್ಷವೂ 30 ಹೋಮ್ ರನ್ ಇತ್ತು, ಆದರೆ ಓ ಸದಹರು ಹೊಡೆಯುವ ಹಾಗೆ ಹೊಡೆಯಲು ಆಗುತ್ತಿಲ್ಲ ಅಂದರು. ಎಂಥ ಅಂದವಾದ ವಿದಾಯ ಅಲ್ವಾ? ಆಮೇಲೆ ಜೈಂಟ್ಸ್‌ಗೇ ಮ್ಯಾನೇಜರ್ ಆದರು.

1985ರಲ್ಲಿ ಹಾನ್‌ಶಿನ್ ತಂಡದ ಅಮೆರಿಕನ್ ರ‍್ಯಾಂಡಿ ಬಾಸ್ 54ಕ್ಕೆ ಬಂದು ನಿಂತರು. ಕೊನೆಯ ಪಂದ್ಯ ಜೈಂಟ್ಸ್ ಎದುರು, ಅಂದರೆ ಓ ಕೂತಿದ್ದ ಬೆಂಚಿನ ಎದುರು. ಪಿಚರುಗಳು ಬಾಸ್‌ಗೆ ಹೊಡೆಯುವಂಥ ಚೆಂಡೇ ಹಾಕಲಿಲ್ಲ. ಐದರಲ್ಲಿ ನಾಲ್ಕು ಸಲ ಸುಮ್ನೆ ಮೊದಲ ಬೇಸಿಗೆ ನಡೆಸಿ ಕಳಿಸಿದರು. 2001ರಲ್ಲಿ ಟಫಿ ರೋಡ್ಸ್ 55 ಮುಟ್ಟಿದರು, 2002ರಲ್ಲಿ ಅಲೆಕ್ಸ್ ಕಬ್ರೆರಾ. ಎರಡು ಸಲವೂ ಓ ಅವರೇ ನಡೆಸುತ್ತಿದ್ದ ದಾಯೇಯ್ ಹಾಕ್ಸ್ ಪಿಚರುಗಳು ಇವರಿಂದ ದೂರ ದೂರ ಚೆಂಡು ಹಾಕಿದರು. ರೋಡ್ಸ್ ವಿಷಯದಲ್ಲಂತೂ ಹಾಕ್ಸ್‌ನ ಕೋಚ್ ಒಬ್ಬರು, ವಿದೇಶಿಯೊಬ್ಬ ಆ ದಾಖಲೆ ಮುರಿಯುವುದನ್ನು ನೋಡಲು ಇಷ್ಟವಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಹಾಗೆ ಮಾಡಿ ಅಂತ ತಾನು ಹೇಳಿಲ್ಲ ಅಂದರು ಓ. ಇರಬಹುದು. ಹೇಳಬೇಕಾಗಿರಲೂ ಇಲ್ಲ. ಯಜಮಾನರ ಹೆಸರಿನ ದಾಖಲೆಯನ್ನು ಕಾಯಲು ಆಳುಗಳಿಗೆ ಯಾರೂ ಅಪ್ಪಣೆ ಕೊಡಬೇಕಾಗಿಲ್ಲ. ಆದರೆ ಹಾಗೆ ಮಾಡಬೇಡಿ ಅಂತ ಗಟ್ಟಿಯಾಗಿ ಹೇಳಬಹುದಿತ್ತಲ್ಲ? 427 ಸಲ ಇದನ್ನೇ ಅನುಭವಿಸಿದವರು. ಬ್ಯಾಟ್ ಹಿಡಿದು ನಿಂತು, ಕೈಗೆಟುಕದ ಚೆಂಡು ಹೋಗುವುದನ್ನು ನೋಡುವ ಸಿಟ್ಟು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟೇ ಅಲ್ಲ, ‘ಹೊರಗಿನವನು’ ಅಂತ ಬಾಗಿಲಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ ಅನ್ನೋದೂ ಗೊತ್ತಿದ್ದವರು.

ನಾನು ಓ ಅವರ ಅಭಿಮಾನಿ. ಆದರೂ ಈ ಜಾಗದಲ್ಲಿ ಅವರನ್ನು ಬಿಟ್ಟುಕೊಡದೆ ಇರಲು ನನಗೆ ಮಾತು ಸಿಗುವುದಿಲ್ಲ. ಒಂದು ಕಡೆಯವರು ಅಂತ ಒಪ್ಪಿಸಿಕೊಳ್ಳಲು ಇಪ್ಪತ್ತು ವರ್ಷ ಹಿಡಿದವರಿಗೆ, ಆ ಕಡೆಯವರು ತಪ್ಪು ಮಾಡುವಾಗ ಎದ್ದು ನಿಲ್ಲೋದು ಕಷ್ಟವೇನೋ. ಹೊರಗಿನಿಂದ ಬಂದ ಎಷ್ಟೋ ಜನ ಹೊಸ ಊರಿನಲ್ಲಿ ದನಿ ತಗ್ಗಿಸಿಯೇ ಬದುಕುವುದನ್ನು ನೋಡಿದ್ದೇನೆ. ನಾನೂ ಟೋಕಿಯೋದಲ್ಲಿ ಹಾಗೇ ಬದುಕಿದೆ.

ಕೊನೆಗೆ 2013ರಲ್ಲಿ ಕ್ಯುರಸಾವೊ ದ್ವೀಪದ ವ್ಲಾಡಿಮಿರ್ ಬಾಲೆಂಟಿನ್ 60 ಹೊಡೆದರು. ಅವರೂ ಯಾಕುಲ್ಟ್ ತಂಡದವರೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಆವತ್ತಿನಿಂದ 55ರ ಮುಂದೆ ‘ಜಪಾನೀಯರ ಪೈಕಿ’ ಅನ್ನುವ ಬಾಲ ಗಟ್ಟಿಯಾಗಿ ಅಂಟಿಕೊಂಡಿತು. 2006ರಲ್ಲಿ ಮೊದಲ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಜಪಾನ್ ತಂಡವನ್ನು ಗೆಲ್ಲಿಸಿದ ಮ್ಯಾನೇಜರ್ ಕೂಡ ಓ ಅವರೇ. ಎದೆಯ ಮೇಲೆ ಜಪಾನ್ ಅಂತ ಬರೆದ ಅಂಗಿ, ಪೌರತ್ವ ತೈವಾನಿನದು.

ಛತ್ರಿ

ಮತ್ತೆ ರಾಮೆನ್ ಅಂಗಡಿಗೆ. ಅವತ್ತು ಕಿರುಚಿದ್ದು ನನ್ನ ಪಕ್ಕದ ಸೀಟಿನವರೇ. ಎಪ್ಪತ್ತು ದಾಟಿದ ಯಜಮಾನರು. ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು ಬಿಯರ್ ಹಿಡಿದಿದ್ದರು. ಟಿಕೆಟ್ ಸಿಗಲಿಲ್ಲವಂತೆ, ಅದಕ್ಕೇ ಇಲ್ಲಿ. ನಾನು ನನ್ನ ಹರಕುಮುರುಕು ಜಪಾನಿಯಲ್ಲಿ, ಅಕ್ರಿಲಿಕ್ ಹಾಳೆಯ ಪಕ್ಕದಿಂದ ತಲೆ ಚಾಚಿ ಕೇಳಿಯೇಬಿಟ್ಟೆ. ಅಲ್ಲಿ ಹಾಗೆ ಬರೆದಿದ್ದಾರಲ್ಲ, ಓ-ಸಾನ್ ಜಪಾನೀಯರಾ?

ಅವರು ನನ್ನನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿದರು. ಅಡುಗೆಯವನೂ ಕಿವಿ ಇತ್ತ ಕಡೆ ಕೊಟ್ಟಿದ್ದ. ಚೀನಾ, ಪೌರತ್ವ, ತಂದೆ ಅಂತ ಏನೋ ಹೇಳುತ್ತಾರೆ ಅಂತ ಕಾದೆ.

‘ಓ-ಸಾನ್ ಕ್ಯೋಜಿನ್‌ನವರು’ ಅಂದರು.

ಕ್ಯೋಜಿನ್ ಅಂದರೆ ಜೈಂಟ್ಸ್. ಹೇಳಿದ ದನಿ ನೋಡಿದರೆ ಅದಕ್ಕಿಂತ ದೊಡ್ಡ ತಪ್ಪು ಭೂಮಿ ಮೇಲೆ ಇಲ್ಲ. ಆಮೇಲೆ ಬೆರಳು ಮಡಚಿ ಮಡಚಿ ವಿವರಿಸಿದರು. 756ನೇದು ನಮ್ಮ ಸುಜುಕಿಗೆ ಹೊಡೆದದ್ದು. ಆವತ್ತಿನಿಂದ ಲೆಕ್ಕ ಇಟ್ಟಿದ್ದೇನೆ, ನಲವತ್ತೈದು ವರ್ಷ. ಬಾಲೆಂಟಿನ್ ಒಂದು ಸಲ ತೀರಿಸಿದ. ಇವತ್ತು ಮುರಕಾಮಿ ಎರಡನೇ ಸಲ.

ಹಾಗಾದರೆ ಬಾಲೆಂಟಿನ್ ನಿಮ್ಮವರಾ ಅಂತ ಕೇಳಿದೆ. ಇದೆಂಥ ಪ್ರಶ್ನೆ ಅನ್ನುವ ಹಾಗೆ ನೋಡಿ, ಕಾಲ ಬಳಿ ಇಟ್ಟಿದ್ದ ಚೀಲಕ್ಕೆ ಕೈ ಹಾಕಿದರು. ಯಾಕುಲ್ಟ್ ಅಭಿಮಾನಿಗಳು ರನ್ ಬಂದಾಗಲೆಲ್ಲ ಎತ್ತಿ ಕುಣಿಸುವ ಆ ಪುಟ್ಟ ಪ್ಲಾಸ್ಟಿಕ್ ಛತ್ರಿ ಹೊರಗೆ ಬಂತು. ಅಂಗಡಿಯೊಳಗೇ ಬಿಚ್ಚಿದರು. ಅಕ್ರಿಲಿಕ್ ಹಾಳೆಗೆ ಅದರ ತುದಿ ತಾಗಿ ಟಕ್ ಅಂತು. ಅಡುಗೆಯವನು ಬೈಯ್ಯುತ್ತಾನೆ ಅಂದುಕೊಂಡೆ. ಅವನು ಸೌಟು ಎತ್ತಿ ತಾಳ ಹಾಕಲು ಶುರುಮಾಡಿದ.